ಪಿಸ್ಟನ್ ಜಾಮ್ ಆಯಿತು, ನಾನು ಸುಳ್ಳು ಹೇಳಿದೆ

ಎರಡು ವಾರದ ಹಿಂದಿನ ಮಾತು. ಸೋನ್ಯಾಳ ಎಂಬ ಊರಿಗೆ ಇನ್ನು ಎರಡು-ಮೂರು ಕಿಲೋಮೀಟರ್ ಇದೆ ಎನ್ನುವಾಗ ನನ್ನ ಮೋಟಾರ್‌ಸೈಕಲ್ಲಿನ ಎಂಜಿನ್ ಒಮ್ಮೆ ಕಿರ್ ಎಂದು ನಿಂತುಬಿಟ್ಟಿತು. ಮಧ್ಯಾಹ್ನ ಒಂದೂವರೆ. ತಲೆಯ ಮೇಲೆ ಜತ್ತ ತಾಲೂಕಿನ ಬಿಸಿಲು. ಹಿಂದಿನ ಸೀಟಿನ ಮೇಲೆ ನನ್ನ ಹೆಂಡತಿಯ ಸೋದರಮಾವ. ಅವರ ತೊಡೆಯ ಮೇಲೆ ಅರ್ಧ ಚೀಲ ಜೋಳ.

ಮೆಕ್ಯಾನಿಕ್ ಬೀರಪ್ಪನಿಗೆ ಫೋನ್ ಮಾಡಿದೆ. "ಪೆಟ್ಟು ಹತ್ತಿಲ್ಲ ಹೌದಲ್ರಿ?" ಎಂದು ಮೊದಲು ಕೇಳಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟರಾಗ ಹೊಂಟಿದ್ರಿ ಅಣ್ಣಾರ?"

"ಅರವತ್ತು ದಾಟಿಲ್ಲಪಾ" ಎಂದೆ.

ಸ್ಪೀಡೋಮೀಟರಿನ ಮುಳ್ಳು ತೊಂಬತ್ತೈದರ ಮೇಲಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ನನಗೆ ಐವತ್ತೆರಡು ವರ್ಷ. ಜತ್ತದ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ವಾರಕ್ಕೊಮ್ಮೆ ಇದೇ ಅಂಕಣದಲ್ಲಿ ಕುಳಿತು ನಿಮಗೆಲ್ಲ ಬುದ್ಧಿ ಹೇಳುತ್ತೇನೆ. ಅಂಥವನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂತೀರಿ! ಒಂದು ಕ್ಷಣ ಯೋಚನೆ ಕೂಡ ಮಾಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನನಗೂ ನನ್ನ ಹೆಂಡತಿ ಸುವರ್ಣಾಗೂ ವರ್ಷಕ್ಕೊಮ್ಮೆ ಮೋಟಾರ್‌ಸೈಕಲ್ ಮೇಲೆ ದೂರ ಹೋಗುವ ಚಟ. ಗಾಡಿ ಹದಿನೈದು ವರ್ಷ ಹಳೆಯದು, ಒಂಟಿ ಸಿಲಿಂಡರಿನ ಮುನ್ನೂರೈವತ್ತು ಸಿಸಿ. ಗಾಡಿಗೂ ವಯಸ್ಸಾಯಿತು, ನಮಗೂ ಆಯಿತು. (ತೂಕ ಹೆಚ್ಚಾದದ್ದು ಮಾತ್ರ ನಮ್ಮಿಬ್ಬರದೇ.) ಹೋದ ವರ್ಷ ಅಂಬೋಲಿ ಘಾಟ್ ಹತ್ತುವಾಗ ಅದು ಎರಡನೇ ಗೇರಿಗೆ ಇಳಿಯಿತು. ಆಮೇಲೆ ಒಂದನೇ ಗೇರಿಗೆ ಇಳಿಯಿತು. ಆಮೇಲೆ ಸುವರ್ಣಾ ಇಳಿದಳು.

"ನೀವು ಮ್ಯಾಲ ಹೋಗಿ ಚಾ ಹೇಳಿರ್ರಿ, ನಾ ನಡಕೋತ ಬರ್ತೀನಿ" ಎಂದಳು.

ಅವಳು ಬರುವ ಹೊತ್ತಿಗೆ ಚಹಾ ಇನ್ನೂ ಕುದಿಯುತ್ತಿತ್ತು. ನನ್ನ ಗಾಡಿಯ ಬಗ್ಗೆ ಇನ್ನೇನು ಹೇಳಲಿ?

ಹೊಸದೇ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಮಗಳೂ ಅದನ್ನೇ ಅಂದಳು. ಆದರೆ ಹದಿನೈದು ವರ್ಷ ಮಳೆ, ಚಳಿ, ಪಂಕ್ಚರ್ ಎಲ್ಲದರಲ್ಲೂ ಜೊತೆಗಿದ್ದ ಗಾಡಿ ಅದು. ಮನಸ್ಸು ಬರಲಿಲ್ಲ. ಸಿಲಿಂಡರನ್ನು ಕೊರೆಸಿ ಅಗಲ ಮಾಡಿ, ಒಳಗೆ ದೊಡ್ಡ ಪಿಸ್ಟನ್ ಕೂರಿಸಿದರೆ ಶಕ್ತಿ ಹೆಚ್ಚುತ್ತದೆ. ಇದಕ್ಕೆ ಬಿಗ್ ಬೋರ್ ಎನ್ನುತ್ತಾರೆ. ಒಂದು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ, ನೋಟ್‌ಬುಕ್ ತುಂಬ ಬರೆದುಕೊಂಡು ನಾನು ಅರ್ಧ ಎಂಜಿನಿಯರ್ ಆದೆ. ಉಳಿದ ಅರ್ಧಕ್ಕೆ ಬೀರಪ್ಪ ಬೇಕಾಗಿತ್ತು.

ಬೀರಪ್ಪನ ಶೆಡ್ ಇರುವುದು ಸನಮಡಿ ಫಾಟಾದಲ್ಲಿ. (ದೊಡ್ಡ ರಸ್ತೆಯಿಂದ ಊರಿನ ರಸ್ತೆ ಒಡೆಯುವ ಜಾಗಕ್ಕೆ ನಾವು ಮರಾಠಿಯವರ ಹಾಗೆ ಫಾಟಾ ಎಂದೇ ಅನ್ನುವುದು.) ಕುರಿ ಸಾಕುವ ಮನೆತನ. ಅವನ ಅಣ್ಣ ಈಗಲೂ ಕುರಿಯ ಹಿಂದೆ ತಿಂಗಳುಗಟ್ಟಲೆ ಹೋಗುತ್ತಾನೆ. ಇವನು ಕೊಲ್ಲಾಪುರದ ಗ್ಯಾರೇಜಿನಲ್ಲಿ ಹತ್ತು ವರ್ಷ ಕೆಲಸ ಕಲಿತು ಬಂದ. ಎಂಜಿನ್ ಬಿಚ್ಚಿ ಕುಳಿತರೆ ಆ ದಿನ ಯಾರ ಜೊತೆಗೂ ಮಾತಿಲ್ಲ. ಒಂದು ಕಾಲಕ್ಕೆ ಮಿರಜ, ವಿಜಯಪುರದಿಂದಲೂ ಅವನಲ್ಲಿಗೆ ಗಾಡಿಗಳು ಬರುತ್ತಿದ್ದವು.

ಆರು ವರ್ಷದ ಹಿಂದೆ ಅದು ನಿಂತಿತು. ಹೊರಗಿನ ಊರಿನ ಒಬ್ಬ ಸಿರಿವಂತ ತರುಣನಿಗೆ ಬೀರಪ್ಪ ಬಿಗ್ ಬೋರ್ ಮಾಡಿಕೊಟ್ಟಿದ್ದ. ಹೊಸದಾಗಿ ಕೊರೆದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಎರಡೂ ಒಂದಕ್ಕೊಂದು ಒಗ್ಗಬೇಕು. ಇದಕ್ಕೆ ರನ್ನಿಂಗ್-ಇನ್ ಎನ್ನುತ್ತಾರೆ. ಆ ತರುಣ ಮೊದಲ ದಿನವೇ ನೂರು ದಾಟಿಸಿದ. ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿನಲ್ಲಿ ಸಿಕ್ಕಿಕೊಂಡಿತು. ಹಿಂದಿನ ಗಾಲಿ ಲಾಕ್ ಆಗಿ ಬಿದ್ದು ಕಾಲು ಮುರಿದುಕೊಂಡ.

ದವಾಖಾನೆಯ ಹಾಸಿಗೆಯಿಂದಲೇ ಅವನು ವಾಟ್ಸ್‌ಆಪಿನಲ್ಲಿ ಬರೆದ. ಸನಮಡಿಯ ಮೆಕ್ಯಾನಿಕ್ ಪಿಸ್ಟನ್ ಬಿಗಿ ಕೂರಿಸಿದ್ದಾನೆ, ಯಾರೂ ಅಲ್ಲಿಗೆ ಹೋಗಬೇಡಿ ಎಂದು. ಅವನು ನೂರರ ಮೇಲೆ ಹೋದದ್ದನ್ನು ನೋಡಿದವರಿದ್ದರು, ಆದರೆ ಅವರ್ಯಾರೂ ವಾಟ್ಸ್‌ಆಪಿನಲ್ಲಿ ಬರೆಯಲಿಲ್ಲ. ಬೀರಪ್ಪ ಆರು ವರ್ಷ ಆಯಿಲ್ ಬದಲಿಸುತ್ತ, ಹೊಲದ ಪಂಪಿನ ಎಂಜಿನ್ ರಿಪೇರಿ ಮಾಡುತ್ತ ಕುಳಿತ.

ಅಂಥವನ ಬಳಿ ನಾನು ನೋಟ್‌ಬುಕ್ ಹಿಡಿದು ಹೋದೆ. "ಬ್ಯಾಡ್ರಿ ಅಣ್ಣಾರ" ಎಂದ. ಎರಡನೇ ಸಲ ಹೋದೆ, ಮೂರನೇ ಸಲ ಹೋದೆ. ಅದೇ ಉತ್ತರ. ನಾಲ್ಕನೇ ಸಲ ಸುವರ್ಣಾಳನ್ನು ಕರೆದುಕೊಂಡು ಹೋದೆ. ಅವಳು ಅಂಬೋಲಿ ಘಾಟಿನ ಕಥೆಯನ್ನು ತನ್ನದೇ ಮಸಾಲೆ ಹಾಕಿ ಹೇಳಿದಳು. ಬೀರಪ್ಪ ನಕ್ಕ. ಆಮೇಲೆ ಕೈ ಒರೆಸಿಕೊಂಡು, "ಕುಂದ್ರಿ ಅಕ್ಕಾರ. ಅದೇನು ಬರದೀರಿ, ತೋರಸ್ರಿ ಅಣ್ಣಾರ" ಎಂದ.

ಓದಿದ. ಒಂದೊಂದೇ ಸಾಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ.

"ಇಷ್ಟು ದೊಡ್ಡ ಪಿಸ್ಟನ್ ಬ್ಯಾಡ್ರಿ. ಸಿಲಿಂಡರಿನ ಗ್ವಾಡಿ ತೆಳ್ಳಗಾಗ್ತೈತಿ, ನಮ್ಮ ಬಿಸಲಾಗ ತಡಿಯಂಗಿಲ್ಲ. ಕಂಪ್ರೆಶನ್ ಇಷ್ಟು ಏರಿಸಿದ್ರ ಹಳ್ಳಿ ಪಂಪಿನ ಪೆಟ್ರೋಲ್ ಹಾಕಾಕ ಬರಂಗಿಲ್ಲ. ನಿಮಗ ಓಟದಾಗ ಗೆಲ್ಲೋದೈತ್ರಿ, ಇಲ್ಲಾ ಅಕ್ಕಾರನ್ನ ಕರ್ಕೊಂಡು ಹೋಗಿ ಕರ್ಕೊಂಡು ಬರೋದೈತ್ರಿ?"

ಸುವರ್ಣಾ ನನ್ನ ಕಡೆ ನೋಡಿದಳು. ನಾನು ನೋಟ್‌ಬುಕ್ಕಿನ ಕಡೆ ನೋಡಿದೆ.

ಅವನ ಪಟ್ಟಿಯಲ್ಲಿ ಪಿಸ್ಟನ್ ಎಲ್ಲಕ್ಕಿಂತ ಕೊನೆಗೆ ಬಂತು. ಮೊದಲು ಆರ್‌ಟಿಒ ಪರವಾನಗಿ. (ಅದಕ್ಕಾಗಿ ಸಾಂಗ್ಲಿಗೆ ಓಡಾಡಿದ್ದನ್ನು ಬರೆದರೆ ಈ ಪುಟ ಸಾಲದು.) ಆಮೇಲೆ ಮುಂದಿನ ಬ್ರೇಕ್. "ಓಡೋದು ಆಮ್ಯಾಲ್ರಿ, ಮೊದಲ ನಿಲ್ಲಬೇಕು" ಎಂದ. ಹೆಚ್ಚು ಎಣ್ಣೆ ತಳ್ಳುವ ಆಯಿಲ್ ಪಂಪ್, ಆಯಿಲ್ ಕೂಲರ್, ಗಟ್ಟಿ ಕ್ಲಚ್. ಪಿಸ್ಟನ್ನಿನ ಕೆಳಗೆ ತಿರುಗುವ ಹಳೆಯ ಕ್ರ್ಯಾಂಕ್ ಈ ಹೊಸ ಹೊರೆ ಹೊರುತ್ತದೋ ಇಲ್ಲವೋ ಎಂದು ಬಿಚ್ಚಿ ನೋಡಬೇಕು. ಅದು ಪಾಸಾದರೆ ಪಿಸ್ಟನ್ನಿನ ಮಾತು.

ಅಷ್ಟೇ ಅಲ್ಲ. ಪ್ರವಾಸಕ್ಕೆ ಹೋಗುವಾಗ ಕಟ್ಟುವ ಸಾಮಾನನ್ನೆಲ್ಲ ಕಟ್ಟಿಕೊಂಡು, ನಾವಿಬ್ಬರೂ ಅವನ ಮುಂದೆ ಧಾನ್ಯ ತೂಗುವ ಕಾಟಾದ ಮೇಲೆ ನಿಲ್ಲಬೇಕು ಎಂದ. ಹೊರೆ ಗೊತ್ತಿಲ್ಲದೆ ಎಂಜಿನ್ ಕಟ್ಟುವುದಿಲ್ಲವಂತೆ. ಸುವರ್ಣಾ ಒಪ್ಪಿದಳು, ಆದರೆ ನನ್ನನ್ನು ದೂರ ಕಳಿಸಿದಳು. "ಎಂಜಿನ್ನಿಗಿ ಅಷ್ಟ ಹೇಳಪಾ ಬೀರಪ್ಪ, ಇವ್ರಿಗಿ ಹೇಳಬ್ಯಾಡ." ಅವನು ಇವತ್ತಿಗೂ ಹೇಳಿಲ್ಲ.

ಎರಡು ತಿಂಗಳು ಕೆಲಸ ನಡೆಯಿತು. ಸಿಲಿಂಡರ್ ಕೊರೆಸಲು ಕೊಲ್ಲಾಪುರಕ್ಕೆ ತಾನೇ ಹೋದ. ಮಷೀನಿನ ಪಕ್ಕದಲ್ಲಿ ಇಡೀ ದಿನ ನಿಂತು ಅಳತೆ ನೋಡಿಕೊಂಡು ಬಂದನಂತೆ. ಗಾಡಿ ಸಿದ್ಧವಾದ ದಿನ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿದಾಗ ಬೀರಪ್ಪ ಸಿಲಿಂಡರಿನ ಹತ್ತಿರ ಕಿವಿ ಇಟ್ಟು ಬಹಳ ಹೊತ್ತು ಕೂತಿದ್ದ. ಎದ್ದಾಗ ಅವನ ಮುಖ ನೋಡಬೇಕಿತ್ತು. ಆರು ವರ್ಷದಲ್ಲಿ ಇದು ಮೊದಲನೆಯದು.

ಕೀ ಕೊಡುವ ಮುಂಚೆ ಅಳತೆಯ ಉಪಕರಣಗಳ ಪಕ್ಕದಿಂದ ಒಂದು ಸಣ್ಣ ಚೀಲ ತೆಗೆದ. ಭಂಡಾರ. ಅವರ ದೇವರ ಅರಿಸಿನ ಪುಡಿ.

"ಮುಟ್ಟಿ ಆಣಿ ಮಾಡ್ರಿ ಅಣ್ಣಾರ. ಸಾವಿರ ಕಿಲೋಮೀಟರ್ ತನಕ ಅರವತ್ತು ದಾಟಂಗಿಲ್ಲ. ಹಿಂದ ಯಾರನೂ ಕುಂಡ್ರಿಸಂಗಿಲ್ಲ. ನಲವತ್ತು ಕಿಲೋಮೀಟರಿಗೊಮ್ಮಿ ಬಂದ್ ಮಾಡಿ ಚಾ ಕುಡೀಬೇಕು."

ನಮ್ಮ ಮನೆಯಲ್ಲಿ ವಿಭೂತಿ, ಅವನ ಮನೆಯಲ್ಲಿ ಭಂಡಾರ. ಆದರೆ ಭಂಡಾರದ ಆಣೆ ಏನೆಂದು ಈ ತಾಲೂಕಿನಲ್ಲಿ ಎಲ್ಲ ಮನೆತನಕ್ಕೂ ಗೊತ್ತು. ಕುರಿಗಳ ಹಂಚಿಕೆಯ ತಕರಾರು, ಹೊಲದ ಬದುವಿನ ತಕರಾರು ಅದರ ಮೇಲೆ ಮುಗಿಯುತ್ತವೆ. ಒಬ್ಬ ಭಂಡಾರ ಮುಟ್ಟಿ ಮಾತಾಡಿದ ಮೇಲೆ ಅವನನ್ನು ಮತ್ತೆ ಸಾಕ್ಷಿ ಕೇಳುವ ಪದ್ಧತಿಯಿಲ್ಲ. ಕೇಳಿದರೆ ಕೇಳಿದವನದೇ ತಪ್ಪು. ನಾನು ಮುಟ್ಟಿದೆ. ಅವನು ನನ್ನ ಹಣೆಗೆ ಹಚ್ಚಿದ.

ಏಳುನೂರು ಕಿಲೋಮೀಟರ್ ಆಣೆ ಉಳಿಸಿಕೊಂಡೆ. ಹಾಲಿನ ಕ್ಯಾನ್ ಕಟ್ಟಿದವರು ನನ್ನನ್ನು ಹಿಂದೆ ಹಾಕಿದರು. ಆಡು ತುಂಬಿದ ರಿಕ್ಷಾ ಹಿಂದೆ ಹಾಕಿತು. ಒಂದು ಆಡು ತಿರುಗಿ ನೋಡಿತು. ಸಹಿಸಿಕೊಂಡೆ.

ಆಮೇಲೆ ಕರಜಗಿಯಲ್ಲಿ ನೆಂಟರ ಮನೆಯ ತೊಟ್ಟಿಲು ಕಾರ್ಯಕ್ರಮ ಬಂತು. ಹಿಂದೆ ಯಾರನ್ನೂ ಕೂರಿಸಬಾರದಲ್ಲ, ಸುವರ್ಣಾಳನ್ನು ಎಸ್‌ಟಿ ಬಸ್ಸಿಗೆ ಹತ್ತಿಸಿದೆ. ನಾನು ಗಾಡಿಯ ಮೇಲೆ ಹೋದೆ. ಹೋಳಿಗೆ ಉಂಡು, ಸುವರ್ಣಾಳನ್ನು ಮತ್ತೆ ಬಸ್ಸು ಹತ್ತಿಸಿ ಹೊರಡುವಾಗ ಅವಳ ಸೋದರಮಾವ ಶಿವಲಿಂಗಪ್ಪ ಮಾಮಾ ಜೋಳದ ಚೀಲ ಹಿಡಿದು ಗಾಡಿಯ ಹತ್ತಿರ ನಿಂತಿದ್ದರು. ಅವರು ಸೋನ್ಯಾಳದಲ್ಲಿ ಧಾನ್ಯದ ಅಡತಿ ವ್ಯಾಪಾರಿ. ಬಸ್ಸು ತಪ್ಪಿತ್ತು. "ಅಳ್ಯಾರ, ಸೋನ್ಯಾಳಕ್ಕ ಬಿಡ್ರಿ" ಎಂದರು.

ಈಗ ಹೇಳಿ. ಹೆಂಡತಿಯ ಸೋದರಮಾವ, ಎಪ್ಪತ್ತರ ಹಿರಿಯರು, ನಾಲ್ಕು ಜನರ ಮುಂದೆ ಕೇಳಿದಾಗ "ಇಲ್ರಿ, ಆಣಿ ಐತಿ" ಎನ್ನುವ ಅಳಿಯ ಈ ಭಾಗದಲ್ಲಿ ಎಲ್ಲಿದ್ದಾನೆ? ಅಂಥ ಅಳಿಯನ ಮಾತು ಮುಂದಿನ ಮೂರು ಮದುವೆಯ ಪಂಕ್ತಿಯಲ್ಲಿ ಬಡಿಸಲ್ಪಡುತ್ತದೆ. ಆಣೆಗಾಗಿ ಹೆಂಡತಿಯನ್ನು ಬಸ್ಸಿನಲ್ಲಿ ಕಳಿಸಿದ ನಾನು ಮಾಮಾನನ್ನು ಹಿಂದೆ ಕೂರಿಸಿಕೊಂಡೆ.

ಒಂದಿಷ್ಟು ದೂರ ಐವತ್ತೈದರಲ್ಲಿ ಹೋದೆ. ಹಿಂದಿನಿಂದ ದನಿ ಬಂತು.

"ಎಂಜಿನ್ ಭಾಳ ದೊಡ್ಡದು ಮಾಡ್ಸೀರಿ ಅಂತ ಕೇಳಿದ್ನಿ. ನಮ್ಮ ಎಮ್ಮಿ ಇದಕ್ಕಿಂತ ಲಗೂನ ಬರತೈತಲ್ರಿ ಅಳ್ಯಾರ."

ಅಷ್ಟೇ ಸಾಕಾಯಿತು. ಕೈ ತಿರುವಿದೆ.

ಸುಳ್ಳು ಬೇಡ, ಆ ಆರೇಳು ಕಿಲೋಮೀಟರ್ ನನಗೆ ಸ್ವರ್ಗ. ಮುಂದೆ ಹೊಸ ಡಾಂಬರು, ಎರಡೂ ಕಡೆ ಖಾಲಿ ಹೊಲ. ಎಪ್ಪತ್ತು, ಎಂಬತ್ತು, ತೊಂಬತ್ತು. ಏರು ಬಂದರೂ ಗಾಡಿ ದಣಿಯಲಿಲ್ಲ. "ಹಾಂ, ಈಗ ಚಲೋ ಬಿಡ್ರಿ" ಎಂದು ಮಾಮಾ ಅಂದದ್ದು ಗಾಳಿಯಲ್ಲೂ ಕೇಳಿಸಿತು. ಅಳಿಯ ಗೆದ್ದ.

ಆಗಲೇ ಎಂಜಿನ್ ಕಿರ್ ಎಂದದ್ದು. ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ ಎಂದು ಬೀರಪ್ಪ ಕಲಿಸಿದ್ದ. ಬೆರಳು ತಾವಾಗಿಯೇ ಕ್ಲಚ್ ಹಿಡಿದವು. ಹಿಂದಿನ ಗಾಲಿ ಬಿಡುಗಡೆಯಾಗಿ ಗಾಡಿ ಉರುಳಿಕೊಂಡು ಬದಿಗೆ ಬಂತು. ಇಬ್ಬರಿಗೂ ಗೀರು ಕೂಡ ಬೀಳಲಿಲ್ಲ. ಒಬ್ಬ ಮೆಕ್ಯಾನಿಕ್ ನಮ್ಮಿಬ್ಬರ ಎಲುಬು ಉಳಿಸಿದ್ದ. ಅದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲಿಲ್ಲ.

ಮಾಮಾ ಧೋತರ ಝಾಡಿಸಿಕೊಂಡರು. "ನಾ ಮೊದಲ ಹೇಳಿದ್ನಿ. ಆ ಸನಮಡಿಯವನ ಕೈಯಾಗ ಕೊಡಬಾರದಿತ್ತು. ಹಿಂದೂ ಒಬ್ಬಂವಂದು ಹಿಂಗ ಮಾಡ್ಯಾನಂವ." (ಅವರು ಮೊದಲು ಏನೂ ಹೇಳಿರಲಿಲ್ಲ.) ರಸ್ತೆ ಬದಿಯ ಗಾಡಿಯ ಫೋಟೋ ತೆಗೆದುಕೊಂಡರು. ತಪ್ಪು ನನ್ನದು ಎನ್ನುವ ಬದಲು ನಾನು ಅವರ ಚೀಲ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಊರಿನ ಟೆಂಪೋ ಬಂತು, ಚೀಲದ ಸಮೇತ ಹತ್ತಿ ಹೋದರು. ಆಮೇಲೆ ನಾನು ಬೀರಪ್ಪನಿಗೆ ಮಾಡಿದ ಫೋನ್, ಹೇಳಿದ ಸುಳ್ಳು ನಿಮಗೆ ಗೊತ್ತೇ ಇದೆ. ಅವನು ಪಿಕಪ್ ತಂದು ಗಾಡಿಯನ್ನು ಹೇರಿಕೊಂಡು ಹೋದ. ಹಿಂದೆ ಯಾರಿದ್ದರು ಎಂದು ಕೇಳಲಿಲ್ಲ. ಯಾಕೆ ಕೇಳುತ್ತಾನೆ?

ಮರುದಿನ ನನ್ನ ಮುಂದೆಯೇ ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ಮೈಮೇಲೆ ನಾಲ್ಕು ಕಡೆ ಉದ್ದಕ್ಕೆ ಗೀರು ಬಿದ್ದಿದ್ದವು. ಬೆರಳಿನಿಂದ ಸವರಿದ. ಮೈಕ್ರೋಮೀಟರ್ ಹಿಡಿದು ಮೂರು ಸಲ ಅಳೆದ.

"ತಪ್ಪು ನಂದ ಐತ್ರಿ ಅಣ್ಣಾರ."

"ನಿಂದ ಹೆಂಗಪಾ?"

"ಬಿಗಿ ಕುಂಡ್ರಿಸಿದ್ರೂ ಹಿಂಗ ಗೀರು ಬೀಳ್ತಾವ್ರಿ, ಜೋರಾಗಿ ಹೊಡದು ಕಾಸಿದ್ರೂ ಹಿಂಗ ಬೀಳ್ತಾವ. ನೋಡಿದ್ರ ಗೊತ್ತಾಗಂಗಿಲ್ಲ. ನೀವು ಭಂಡಾರ ಮುಟ್ಟೀರಿ, ಅರವತ್ತು ದಾಟಿಲ್ಲ ಅಂದೀರಿ. ಅಂದಮ್ಯಾಲ ಉಳದಿದ್ದು ನನ್ನ ಕೈ ಒಂದ ಅಲ್ರಿ?"

ಅವನು ಇನ್ನೂ ಮುಗಿಸಿರಲಿಲ್ಲ.

"ಆರು ವರ್ಷ ನಾ ಆ ಹುಡುಗನ್ನ ಬೈಕೋತ ಬಂದೀನ್ರಿ. ಈಗ ಅನಸ್ತೈತಿ, ಅಂವ ಖರೇನ ಹೇಳಿದ್ದ. ನನ್ನ ಅಳತಿನ ತಪ್ಪತೈತಿ. ನನ್ನಿಂದ ಅವನ ಕಾಲು ಮುರೀತು."

ಮೈಕ್ರೋಮೀಟರನ್ನು ಒರೆಸಿದ. ಡಬ್ಬಿಯಲ್ಲಿಟ್ಟು ಮುಚ್ಚಿದ. ಇನ್ನು ಎಂಜಿನ್ ಬಿಚ್ಚುವುದಿಲ್ಲ, ನಿಮ್ಮದನ್ನು ಕೊಲ್ಲಾಪುರದಲ್ಲಿ ಒಳ್ಳೆಯವರ ಕೈಯಲ್ಲಿ ಮಾಡಿಸಿಕೊಡುತ್ತೇನೆ ಎಂದ.

ಆಗಲಾದರೂ ಹೇಳಬೇಕಿತ್ತಲ್ಲ? ಹೇಳಲಿಲ್ಲ. "ನೋಡೂಣ ತಗೋ" ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ನನಗೆ ನಾನೇ ವಕೀಲನಾಗಿದ್ದೆ. ತೊಂಬತ್ತೈದೇನು ದೊಡ್ಡ ವೇಗವೇ? ನಿಜವಾಗಿಯೂ ಅವನೇ ಬಿಗಿ ಇಟ್ಟಿರಬಾರದೇಕೆ?

ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ನನ್ನ ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಶರ್ಟಿನ ಗುಂಡಿ ಹಾಕಲು ಬರುವುದಿಲ್ಲ, ಟೇಲರ್ ಬಿಗಿ ಹೊಲಿದ ಎನ್ನುತ್ತಾರೆ. ವರ್ಷದಿಂದ ಹೊಟ್ಟೆ ಬೆಳೆಸಿದವರು ಯಾರು? ಗುಳಿಗೆಯನ್ನು ಅರ್ಧಕ್ಕೇ ಬಿಟ್ಟು ಡಾಕ್ಟರ ಕೈಗುಣ ಸರಿಯಿಲ್ಲ ಎನ್ನುತ್ತೇವೆ. ಕೈಯಿಂದ ಕೆಲಸ ಮಾಡುವವನಿಗೆ ವಾದ ಮಾಡಲು ಪುರುಸೊತ್ತಿರುವುದಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದರೆ ಸುವರ್ಣಾ ಫೋನ್ ಮುಂದೆ ಹಿಡಿದಳು. ನೆಂಟರ ಗುಂಪಿನಲ್ಲಿ ಮಾಮಾ ನನ್ನ ಗಾಡಿಯ ಫೋಟೋ ಹಾಕಿದ್ದರು. "ಸನಮಡಿ ಮೆಕ್ಯಾನಿಕ್, ಎರಡನೇ ಸಲ. ಎಲ್ಲರೂ ಎಚ್ಚರ." ಇನ್ನೂ ಎರಡು ಗುಂಪಿಗೆ ಅದು ಆಗಲೇ ಹೋಗಿತ್ತು.

"ಖರೆ ಹೇಳ್ರಿ. ಎಷ್ಟರಾಗ ಹೊಂಟಿದ್ರಿ?"

ಹೇಳಿದೆ. ಹಿಂದೆ ಯಾರಿದ್ದರು ಎಂಬುದನ್ನೂ ಹೇಳಿದೆ. ಅವಳು ಸಿಟ್ಟಿಗೇಳುತ್ತಾಳೆ ಅಂದುಕೊಂಡಿದ್ದೆ. ಸಣ್ಣ ದನಿಯಲ್ಲಿ ಮಾತಾಡಿದಳು, ಅದು ಇನ್ನೂ ಕಷ್ಟ.

"ಹಂಗಾದ್ರ ನನ್ನ ಯಾಕ್ರಿ ಬಸ್ಸಿನಾಗ ಕಳಿಸಿದ್ರಿ? ಅಂವ ನನ್ನ ತೂಕ ಸುದ್ದಾ ಯಾರ ಮುಂದೂ ಹೇಳಿಲ್ಲ. ನೀವು ಅವನ ಹೆಸರು ಕೆಡಿಸಿ ಬಂದು ಕುಂತೀರಿ."

ಮರುದಿನ ಬೆಳಿಗ್ಗೆ ಸನಮಡಿ ಫಾಟಾಕ್ಕೆ ಬಸ್ಸಿನಲ್ಲಿ ಹೋದೆ. ಬೀರಪ್ಪ ಯಾರದೋ ಪಂಕ್ಚರ್ ತಿದ್ದುತ್ತಿದ್ದ. ನಿಂತೇ ಹೇಳಿದೆ. ತೊಂಬತ್ತೈದರಲ್ಲಿದ್ದೆ. ಹಿಂದೆ ಮಾಮಾ ಇದ್ದರು. ಅವರ ತೊಡೆಯ ಮೇಲೆ ಜೋಳದ ಚೀಲ ಇತ್ತು. ಆಣೆ ಮುರಿದೆ, ಮುರಿದಿಲ್ಲ ಎಂದು ಸುಳ್ಳೂ ಹೇಳಿದೆ.

ಬೈಯಲಿ ಎಂದು ಕಾದೆ. ಅವನು ಟ್ಯೂಬ್ ಕೆಳಗಿಟ್ಟ.

"ತೊಂಬತ್ತೈದರಾಗ ಎಷ್ಟು ದೂರ ಹೋದ್ರಿ?"

"ಆರೇಳು ಕಿಲೋಮೀಟರ್."

"ಏರಿನಾಗೂ?"

"ಏರಿನಾಗೂ."

"ಆ ಮಧ್ಯಾಹ್ನದಾಗ, ಅಷ್ಟು ಹೊರಿ ಹೊತ್ತು?" ಎದ್ದು ಒಳಗೆ ಹೋದ. ಡಬ್ಬಿ ತೆಗೆದು ಮೈಕ್ರೋಮೀಟರ್ ಹಿಡಿದು ಪಿಸ್ಟನ್ನನ್ನು ಮತ್ತೊಮ್ಮೆ ಅಳೆದ. ಅವನ ಬೆನ್ನು ನನ್ನ ಕಡೆಗಿತ್ತು. "ಹಂಗಾದ್ರ ಭಾಳ ತಡದೈತ್ರಿ ಇದು. ಅಳತಿ ಬರೋಬರಿ ಐತಿ" ಎಂದ. ನನಗೆ ಅಳು ಬಂತು, ಅದರಲ್ಲಿ ಮುಚ್ಚಿ ಇಡುವುದೇನಿಲ್ಲ.

ಕ್ಷಮೆ ಕೇಳಿದೆ. "ಭಂಡಾರದ್ದು ನೀವು ದೇವರ ಹಂತ್ಯಾಕ ಮುಗಿಸ್ಕೋರಿ" ಎಂದ. ಹೊಸ ಪಿಸ್ಟನ್ ತಾನೇ ಕೂರಿಸುತ್ತಾನಂತೆ. ಆದರೆ ಈ ಸಲದ ಸಾವಿರ ಕಿಲೋಮೀಟರ್ ಅವನೇ ಓಡಿಸಿ, ಆಮೇಲೆ ನನಗೆ ಕೀ ಕೊಡುತ್ತಾನಂತೆ. ಗಾಡಿ ನಂಬಿಕಸ್ತ ಆಗಬೇಕೆಂದು ಅವನ ಬಳಿ ಹೋದವನು ನಾನು. ಯಾವ ಭಾಗ ನಂಬಿಕಸ್ತ ಅಲ್ಲವೆಂದು ಅವನು ಸರಿಯಾಗಿಯೇ ಹುಡುಕಿದ್ದಾನೆ. ಒಪ್ಪಿಕೊಂಡೆ.

ಹೊರಡುವಾಗ ಅವನು ತನ್ನ ಫೋನ್ ತೋರಿಸಿದ. ಮಾಮಾ ಹಾಕಿದ ಫೋಟೋ ಅವನಿಗೂ ಬಂದಿತ್ತು. ಕಳಿಸಿದವನು ಅವನ ಹಳೆಯ ಗಿರಾಕಿ.

"ನಿಮ್ಮ ಮಾತು ನನಗ ಮುಟ್ಟಿತ್ರಿ ಅಣ್ಣಾರ. ಇವ್ರಿಗೆಲ್ಲಾ ಯಾರ ಹೇಳಾವ್ರು?"

ನಾನು ಹೇಳುತ್ತೇನೆ ಎಂದೆ. ಅದನ್ನೇ ಈಗ ಹೇಳುತ್ತಿದ್ದೇನೆ. ಎಂಜಿನ್ ಕೆಡಿಸಿದವನು ನಾನು. ಬೀರಪ್ಪನ ಅಳತೆ ಸರಿಯಿತ್ತು.

ಶಿವಲಿಂಗಪ್ಪ ಮಾಮಾ, ನೀವು ಈ ಅಂಕಣವನ್ನು ಒಂದು ವಾರವೂ ಬಿಡದೆ ಓದುತ್ತೀರಿ ಎಂದು ಬಲ್ಲೆ. ಇದರದೂ ಒಂದು ಫೋಟೋ ತೆಗೆದು ಆ ಮೂರೂ ಗುಂಪಿಗೆ ಹಾಕುತ್ತೀರಾ?